ದಾದಿಯರು ಉಳಿಯುವ ಮನೆ, ಬಿಟ್ಟು ಹೋಗುವ ಮನೆ
(ಸಂತ ಕಮಿಲ್ಲಸರ ಹಬ್ಬದ ಸಂದರ್ಭದಲ್ಲಿ ಒಂದು ಚಾರಿತ್ರಿಕ ನೋಟ)



ಜುಲೈ 14ರಂದು ಧರ್ಮಸಭೆಯು ಸಂತ ಕಮಿಲ್ಲಸರ ಹಬ್ಬವನ್ನು ಆಚರಿಸುತ್ತದೆ. ರೋಗಿಗಳಿಗೂ ಆಸ್ಪತ್ರೆಗಳಿಗೂ ದಾದಿಯರಿಗೂ ಪಾಲಕರಾದ ಸಂತರಿವರು. 1886ರಲ್ಲಿ ಜಗದ್ಗುರು 13ನೇ ಲಿಯೋರವರು ಇವರನ್ನು ರೋಗಿಗಳ ಪಾಲಕರೆಂದು ಸಾರಿದರು. 1930ರಲ್ಲಿ 11ನೇ ಪಯಸ್‌ರವರು ದಾದಿಯರ ಪಾಲಕರೆಂದೂ ಘೋಷಿಸಿದರು. ಈ ಹಬ್ಬದ ದಿನ ನಮ್ಮ ದೇವಾಲಯಗಳಲ್ಲಿ ಸಾಮಾನ್ಯವಾಗಿ ರೋಗಿಗಳ ಕುರಿತು ಪ್ರಬೋಧನೆ ಇರುತ್ತದೆ, ರೋಗಿಗಳಿಗಾಗಿ ಪ್ರಾರ್ಥನೆ ಇರುತ್ತದೆ. ಅದು ಸರಿಯೇ. ಆದರೆ ರೋಗಿಯ ಮಂಚದ ಪಕ್ಕದಲ್ಲಿ ರಾತ್ರಿಯಿಡೀ ನಿಂತವಳ ಬಗ್ಗೆ, ಆಕೆಯನ್ನು ಅಲ್ಲಿ ನಿಲ್ಲಿಸಿದ ಮೇಲಿನವರ ಬಗ್ಗೆ ನಾವು ಮಾತನಾಡುವುದು ಅಪರೂಪ. ಈ ಸಲ ಆ ಕಡೆ ಸ್ವಲ್ಪ ನೋಡೋಣವೆಂದು ಈ ಲೇಖನ.

ಬಳಿಚಕ್ರ ಯಾದಗಿರಿ ತಾಲ್ಲೂಕಿನ ಒಂದು ಹೋಬಳಿ ಊರು. ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಬೇಸಿಗೆ. ಅಂಗಳದ ಬೇವಿನ ಮರದ ಕೆಳಗೆ ಮಂಚ ಹಾಕಿ ಕೂರಿಸಿದರು. ಆ ಮನೆಯ ಮಗಳು ನರ್ಸಿಂಗ್ ಕಲಿತು ದೊಡ್ಡ ಊರಿನ ದವಾಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಸೇರಿ ವರ್ಷ ತುಂಬುವ ಮೊದಲೇ ಮನೆಗೆ ಬಂದು ಕೂತಿದ್ದಳು. "ಯಾಕ ತಂಗಿ, ಪಗಾರ ಸಾಲಲಿಲ್ಲೇನು?" ಎಂದು ಕೇಳಿದೆ. "ಪಗಾರ ಕಮ್ಮಿ ಅಂತ ಬಿಟ್ಟಿಲ್ರಿ ಫಾದರ್. ಎಲ್ಲಾ ರೋಗಿಗಳ ಮುಂದ ನಿಲ್ಲಿಸಿ ಬೈದ್ರು. ತಪ್ಪು ನಂದಲ್ಲ ಅಂದ್ರೂ ಕೇಳಲಿಲ್ಲ. ಮರುದಿನ ಆ ವಾರ್ಡಿಗೆ ಹ್ಯಾಂಗ ಹೋಗ್ಲಿ?" ಎಂದಳು. ಒಳಗಿನಿಂದ ಆಕೆಯ ತಾಯಿ, "ಸರ್ಟಿಫಿಕೇಟ್ ಅವರ ಹತ್ರಾನೇ ಐತ್ರಿ, ಎರಡು ವರ್ಷ ಮಾಡ್ಬೇಕಂತ ಬರಸ್ಕೊಂಡಾರ" ಎಂದರು. ಆ ದವಾಖಾನೆಯ ಹೆಸರು ಇಲ್ಲಿ ಬೇಡ. ಅದನ್ನು ನಡೆಸುತ್ತಿದ್ದವರು ಕೆಟ್ಟವರೆಂದು ಹೇಳಲು ನನಗೆ ಬಾಯಿ ಬಾರದು. ಆದರೆ ಆ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಾದಿಯರು ಯಾಕೆ ಉಳಿಯುತ್ತಾರೆ, ಯಾಕೆ ಹೋಗುತ್ತಾರೆ ಎಂದು ಚರಿತ್ರೆಯ ಪುಸ್ತಕಗಳಲ್ಲಿ ಹುಡುಕತೊಡಗಿದೆ. ಆಶ್ಚರ್ಯವೆಂದರೆ ಮೊದಲ ಉತ್ತರ ಕಮಿಲ್ಲಸರ ಜೀವನದಲ್ಲೇ ಸಿಕ್ಕಿತು.

ಕಮಿಲ್ಲಸ್ ದೆ ಲೆಲ್ಲಿಸ್ 1550ರಲ್ಲಿ ಇಟಲಿಯ ಬುಕ್ಕಿಯಾನಿಕೊ ಎಂಬಲ್ಲಿ ಹುಟ್ಟಿದರು. ಸಿಪಾಯಿಯಾಗಿ ದುಡಿದವರು, ಜೂಜುಕೋರರು. ಕಾಲಿನಲ್ಲಿ ಮಾಯದ ಹುಣ್ಣು. ಅದರ ಚಿಕಿತ್ಸೆಗೆಂದು ರೋಮಿನ ಸಂತ ಯಕೋಬರ ಆಸ್ಪತ್ರೆಗೆ ಬಂದು, ಖರ್ಚಿಗೆ ಬದಲಾಗಿ ಅಲ್ಲೇ ಆಳಾಗಿ ದುಡಿದರು. ಜಗಳ, ಇಸ್ಪೀಟು ವಿಪರೀತವಾದ್ದರಿಂದ ಅವರನ್ನು ಕೆಲಸದಿಂದ ತೆಗೆದುಹಾಕಿದರು! ದಾದಿಯರ ಪಾಲಕ ಸಂತರು ಮೊದಲು ಆಸ್ಪತ್ರೆಯಿಂದ ಹೊರಹಾಕಲ್ಪಟ್ಟ ನೌಕರರು ಎಂಬುದನ್ನು ನಮ್ಮ ಪ್ರಬೋಧನೆಗಳು ಅಷ್ಟಾಗಿ ಹೇಳುವುದಿಲ್ಲ. 1575ರಲ್ಲಿ ಅವರ ಮನಪರಿವರ್ತನೆಯಾಯಿತು. ಕಪುಚಿನ್ ಮಠ ಸೇರಿದರೂ ಕಾಲಿನ ಹುಣ್ಣು ಬಿಡಲಿಲ್ಲ; ಮತ್ತೆ ಅದೇ ಆಸ್ಪತ್ರೆಗೆ ಬಂದರು. ಈ ಬಾರಿ ಮನಸ್ಸಿಟ್ಟು ದುಡಿದು ಮುಂದೆ ಅಲ್ಲಿನ ಮೇಲ್ವಿಚಾರಕರೇ ಆದರು.

ಮೇಲ್ವಿಚಾರಕರಾದ ಮೇಲೆ ಕಂಡದ್ದೇನು? ಕೂಲಿಗೆ ಬಂದ ಆಳುಗಳು ರಾತ್ರಿ ರೋಗಿಗಳನ್ನು ಬಿಟ್ಟು ಮಲಗುತ್ತಿದ್ದರು. ನೀರು ಕೇಳಿದವನಿಗೆ ನೀರಿಲ್ಲ. ಕಮಿಲ್ಲಸರು ಮೊದಲು ಮಾಡಿದ್ದು ಎಲ್ಲ ಮೇಲಧಿಕಾರಿಗಳೂ ಮಾಡುವುದನ್ನೇ. ಕಾವಲು ಬಿಗಿ ಮಾಡಿದರು, ಹೊತ್ತಲ್ಲದ ಹೊತ್ತಿನಲ್ಲಿ ಬಂದು ನೋಡಿದರು, ಗದರಿಸಿದರು. ಹೆಚ್ಚೇನೂ ಬದಲಾಗಲಿಲ್ಲ. 1582ರ ಆಗಸ್ಟ್‌ನಲ್ಲಿ ಅವರಿಗೆ ಬೇರೊಂದು ಯೋಚನೆ ಹೊಳೆಯಿತು. ತಾಯಿ ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವ ಹಾಗೆ ರೋಗಿಯನ್ನು ನೋಡಿಕೊಳ್ಳಬಲ್ಲವರ ಒಂದು ಬಳಗ ಬೇಕು. ಆ ಬಳಗವನ್ನು ಕಟ್ಟುವವನು ಮೊದಲು ತಾನೇ ಮಂಚದ ಪಕ್ಕ ಮಂಡಿಯೂರಬೇಕು. ಕೆಲವೇ ಸಂಗಡಿಗರೊಡನೆ ಒಂದು ಕೋಣೆಯಲ್ಲಿ ಪ್ರಾರ್ಥನೆ ಮಾಡಿ ಸೇವೆಗೆ ತೊಡಗಿದರು. ಆಸ್ಪತ್ರೆಯ ಆಡಳಿತದವರಿಗೆ ಸಂಶಯ ಬಂತು: ಇವನು ಇಡೀ ಆಸ್ಪತ್ರೆಯನ್ನೇ ಕೈಗೆ ತೆಗೆದುಕೊಳ್ಳಲು ಹೊರಟಿದ್ದಾನೆ ಎಂದು. ಪ್ರಾರ್ಥನಾ ಕೋಣೆಯನ್ನು ಕಿತ್ತುಹಾಕಿಸಿದರು. ಕೊನೆಗೆ ಕಮಿಲ್ಲಸರು ಆ ಆಸ್ಪತ್ರೆಯನ್ನು ಬಿಟ್ಟು ಹೊರಟರು. ಅಲ್ಲಿಯ ಅತ್ಯುತ್ತಮ ಸೇವಕರು ಅಲ್ಲಿಂದ ಹೋದದ್ದು ರೋಗಿಗಳ ಕಾಟಕ್ಕಲ್ಲ, ಕೂಲಿಗಲ್ಲ, ಮೇಲಿನವರ ಅಪನಂಬಿಕೆಗೆ.

1586ರಲ್ಲಿ ಅವರ ಸಂಘಕ್ಕೆ ಮನ್ನಣೆ ದೊರೆತು ಎದೆಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿ ಸಿಕ್ಕಿತು. ತಾವೇ ಸ್ಥಾಪಿಸಿದ ಸಂಘದ ಮಹಾಶ್ರೇಷ್ಠರ ಪದವಿಯನ್ನು 1607ರಲ್ಲಿ ಬಿಟ್ಟುಕೊಟ್ಟು ಮತ್ತೆ ರೋಗಿಗಳ ಬಳಿಗೆ ಹೋದರು. 1614ರ ಜುಲೈ 14ರಂದು ತೀರಿಕೊಂಡರು. ಕುರ್ಚಿ ಬಿಡುವುದೂ ನಾಯಕತ್ವದ ಒಂದು ರೀತಿ ಎಂದು ನನಗನ್ನಿಸುತ್ತದೆ. ನಮ್ಮ ಸಂಸ್ಥೆಗಳಲ್ಲಿ ಇದು ಅಷ್ಟು ಸುಲಭವಾಗಿ ಕಾಣಸಿಗುವುದಿಲ್ಲ.

ಇನ್ನೊಂದು ಉದಾಹರಣೆ ಫ್ರಾನ್ಸಿನದು. 1633ರಲ್ಲಿ ಸಂತ ವಿನ್ಸೆಂಟ್ ದೆ ಪೌಲರೂ ಸಂತ ಲೂಯಿಸ್ ದೆ ಮಾರಿಯಾಕ್‌ರವರೂ ಪ್ಯಾರಿಸಿನಲ್ಲಿ ಕೆಲವು ಹಳ್ಳಿ ಹುಡುಗಿಯರನ್ನು ಒಟ್ಟುಗೂಡಿಸಿ ಪರೋಪಕಾರದ ಪುತ್ರಿಯರ ಸಂಘವನ್ನು ಆರಂಭಿಸಿದರು. ಆ ಕಾಲದಲ್ಲಿ ಕನ್ಯಾಸ್ತ್ರೀಯರೆಂದರೆ ಮಠದ ಗೋಡೆಯೊಳಗೆ ಇರಬೇಕಾದವರು. ಈ ಹುಡುಗಿಯರು ಬೀದಿಗೆ ಬಂದರು, ಬಡವರ ಮನೆಗಳಿಗೆ ಹೋದರು. 1640ರಲ್ಲಿ ಆಂಜೆ ಪಟ್ಟಣದ ಆಸ್ಪತ್ರೆಯ ಹೊಣೆಯನ್ನು ವಹಿಸಿಕೊಂಡರು. ಒಪ್ಪಂದಕ್ಕಾಗಿ ಲೂಯಿಸ್ ತಾವೇ ಅಲ್ಲಿಗೆ ಪ್ರಯಾಣ ಮಾಡಿ, ಭಗಿನಿಯರು ಯಾವುದರಲ್ಲಿ ಆಸ್ಪತ್ರೆಯ ಆಡಳಿತಕ್ಕೆ ಒಳಪಡುತ್ತಾರೆ, ಯಾವುದರಲ್ಲಿ ತಮ್ಮ ಸಂಘಕ್ಕೆ ಒಳಪಡುತ್ತಾರೆ ಎಂಬುದನ್ನು ಬರಹದಲ್ಲಿ ಇರಿಸಿದರು. ಇಬ್ಬರು ಯಜಮಾನರ ನಡುವೆ ದಾದಿ ನಲುಗಬಾರದು ಎಂಬುದು ಇಷ್ಟು ಹಿಂದೆಯೇ ಅವರಿಗೆ ತಿಳಿದಿತ್ತು.

ಈ ಸಂಘದಲ್ಲಿ ಎರಡು ಸಂಗತಿಗಳು ವಿಶೇಷ. ಒಂದು, ಪ್ರತಿ ಮನೆಯ ಮುಖ್ಯಸ್ಥೆಯನ್ನು ಅವರು 'ಮದರ್ ಸುಪೀರಿಯರ್' ಎನ್ನುವುದಿಲ್ಲ. 'ಸೇವಕಿ ಭಗಿನಿ' ಎನ್ನುತ್ತಾರೆ. ಇನ್ನೊಂದು ಅದಕ್ಕಿಂತಲೂ ದೊಡ್ಡದು. ಇವರು ಶಾಶ್ವತ ವ್ರತ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷಕ್ಕೆಂದು ವ್ರತ ಮಾಡಿ, ಮಂಗಳವಾರ್ತೆಯ ಹಬ್ಬದಂದು, ಅಂದರೆ ಮಾರ್ಚ್ 25ಕ್ಕೆ, ಅದನ್ನು ನವೀಕರಿಸುತ್ತಾರೆ. ಎಂದರೆ ವರ್ಷಕ್ಕೊಮ್ಮೆ ಬಾಗಿಲು ತೆರೆದಿರುತ್ತದೆ. ಬಾಗಿಲು ತೆರೆದಿಟ್ಟರೆ ಎಲ್ಲರೂ ಓಡಿಹೋಗುತ್ತಾರೆ ಎಂದು ಹೆದರುವವರು ಇದನ್ನು ಯೋಚಿಸಬೇಕು. ಸುಮಾರು ನಾಲ್ಕು ಶತಮಾನಗಳಿಂದ ಈ ಸಂಘ ಉಳಿದಿದೆ, ಲೋಕದ ಹಲವು ದೇಶಗಳಿಗೆ ಹರಡಿದೆ.

ಸರ್ಟಿಫಿಕೇಟು ಬೀರುವಿನಲ್ಲಿ ಇಟ್ಟುಕೊಂಡು ಬೀಗ ಹಾಕುವವರ ನೆನಪು ಇಲ್ಲಿ ಬರದೇ ಇರುವುದಿಲ್ಲ. ನಮ್ಮ ದೇಶದಲ್ಲಿ ಬಾಂಡು ಬರೆಸಿಕೊಳ್ಳುವ, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿಯ ವಿರುದ್ಧ 2011 ಮತ್ತು 2012ರಲ್ಲಿ ಅನೇಕ ನಗರಗಳ ಖಾಸಗಿ ಆಸ್ಪತ್ರೆಗಳ ದಾದಿಯರು ಬೀದಿಗಿಳಿದರು. ಅವರಲ್ಲಿ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ಕಡಿಮೆಯೇನಿರಲಿಲ್ಲ.

ಇನ್ನು ಕ್ರಿಮಿಯಾ ಯುದ್ಧಕ್ಕೆ ಬರೋಣ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ಮಹಿಳೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1854ರಲ್ಲಿ ಆಕೆಯೊಂದಿಗೆ ಹೊರಟ 38 ಮಂದಿಯಲ್ಲಿ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರೆಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ. ಅವರಲ್ಲಿ ಐವರು ಲಂಡನ್ನಿನ ಬರ್ಮಂಡ್ಸಿಯ ಕರುಣೆಯ ಭಗಿನಿಯರು. ಅವರ ಮುಖ್ಯಸ್ಥೆ ಮದರ್ ಮೇರಿ ಕ್ಲೇರ್ ಮೂರ್. ಈ ಐವರೊಂದಿಗೆ ನೈಟಿಂಗೇಲ್‌ಗೆ ಸುಗಮವಾದ ಸಂಬಂಧ ಬೆಳೆಯಿತು. ಮದರ್ ಕ್ಲೇರ್ ಅನಾರೋಗ್ಯದಿಂದ ಊರಿಗೆ ಮರಳಿದಾಗ ನೈಟಿಂಗೇಲ್ ಬರೆದ ಪತ್ರದಲ್ಲಿ, ಮುಖ್ಯಸ್ಥಳಾಗಲು ನೀವು ನನಗಿಂತ ಎಷ್ಟೋ ಹೆಚ್ಚು ಯೋಗ್ಯರು, ಆದರೂ ನನ್ನ ಕೆಳಗೆ ಕೆಲಸ ಮಾಡಿದಿರಿ ಎಂಬರ್ಥದ ಮಾತಿದೆ. ಪ್ರೊಟೆಸ್ಟಂಟ್ ಮಹಿಳೆಯೊಬ್ಬರು ಕಥೋಲಿಕ ಮಠದ ಮದರ್‌ಗೆ ಆ ಕಾಲದಲ್ಲಿ ಬರೆದ ಮಾತು ಇದು. ಅವರ ಸ್ನೇಹ ಮದರ್ ಕ್ಲೇರ್ 1874ರಲ್ಲಿ ತೀರಿಕೊಳ್ಳುವವರೆಗೂ ಉಳಿಯಿತು.

ಅದೇ ಡಿಸೆಂಬರ್‌ನಲ್ಲಿ ಎರಡನೆಯ ತಂಡ ಬಂತು. ಅದರಲ್ಲಿ ಐರ್ಲೆಂಡಿನಿಂದ ಬಂದ 15 ಮಂದಿ ಕರುಣೆಯ ಭಗಿನಿಯರು. ಅವರ ನಾಯಕಿ ಮದರ್ ಫ್ರಾನ್ಸಿಸ್ ಬ್ರಿಡ್ಜ್‌ಮನ್. ತನ್ನನ್ನು ಕೇಳದೆ ಕಳಿಸಿದ್ದಾರೆಂದು ನೈಟಿಂಗೇಲ್ ಸಿಟ್ಟಾದರು. ನನ್ನ ಭಗಿನಿಯರು ನನಗೆ ವಿಧೇಯರೇ ಹೊರತು ನಿಮಗಲ್ಲ ಎಂದು ಮದರ್ ಪಟ್ಟು ಹಿಡಿದರು. ಇಬ್ಬರೂ ಸಮರ್ಥರು, ಇಬ್ಬರೂ ಹಟವಾದಿಗಳು. ನೈಟಿಂಗೇಲ್ ಆಕೆಗೆ 'ಇಟ್ಟಿಗೆ ತುಂಡು' ಎಂಬರ್ಥದ ಅಡ್ಡಹೆಸರು ಕೂಡ ಇಟ್ಟಿದ್ದರು. ಕೊನೆಗೆ 1856ರಲ್ಲಿ, ನೈಟಿಂಗೇಲ್‌ರ ಅಧಿಕಾರ ಕ್ರಿಮಿಯಾದ ಆಸ್ಪತ್ರೆಗಳಿಗೂ ವ್ಯಾಪಿಸುತ್ತದೆಂದು ಸರ್ಕಾರ ಹೇಳಿದಾಗ, ಮದರ್ ಬ್ರಿಡ್ಜ್‌ಮನ್ ತಮ್ಮ ಭಗಿನಿಯರನ್ನು ಕರೆದುಕೊಂಡು ಊರಿಗೆ ಹೊರಟುಹೋದರು. ಕಾಲರಾ ರೋಗಿಗಳ ನಡುವೆ ದುಡಿದ ಅನುಭವಿ ದಾದಿಯರ ಇಡೀ ತಂಡ ಒಂದೇ ದಿನದಲ್ಲಿ ಕೈತಪ್ಪಿತು. ಯಾರದು ಸರಿ, ಯಾರದು ತಪ್ಪು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನಮ್ಮವರೆಂದು ನಾವು ಮದರ್ ಬ್ರಿಡ್ಜ್‌ಮನ್ ಕಡೆ ವಾಲಬೇಕಾಗಿಲ್ಲ. ಅದೇ ನೈಟಿಂಗೇಲ್, ಅದೇ ವ್ರತಗಳ ಭಗಿನಿಯರು. ಒಂದು ಕಡೆ ನಂಬಿಕೆ ಹುಟ್ಟಿತು, ಒಂದು ಕಡೆ ಹುಟ್ಟಲಿಲ್ಲ.

ನಮ್ಮ ನಾಡಿನಲ್ಲಿ

ಕಮಿಲ್ಲಸರನ್ನು ರೋಗಿಗಳ ಪಾಲಕರೆಂದು ಸಾರಿದ ಅದೇ 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಅದಕ್ಕೂ ಮುಂಚೆ, 1880ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಯೇಸುಸಭೆಯ ಗುರು ಫಾದರ್ ಆಗಸ್ಟಸ್ ಮುಲ್ಲರ್ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. ಪ್ರೊಟೆಸ್ಟಂಟ್ ಸಹೋದರರ ಆಸ್ಪತ್ರೆಗಳು ಮೈಸೂರಿನಲ್ಲಿ, ಗಡಿಯಾಚೆ ಮಿರಜಿನಲ್ಲಿ ತಲೆಯೆತ್ತಿದವು. ಉತ್ತರ ಕರ್ನಾಟಕದ ಹಳಬರ ಬಾಯಲ್ಲಿ 'ಮಿರಜ್ ದವಾಖಾನಿ' ಎಂಬ ಮಾತು ಇನ್ನೂ ಇದೆ. ನಮ್ಮ ಯಾದಗಿರಿ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಊರಲ್ಲಿ ಸೂಲಗಿತ್ತಿಯೇ ದಾದಿ, ದೊಡ್ಡ ಕಾಯಿಲೆಯೆಂದರೆ ರೈಲು ಹತ್ತಿ ದೂರದ ಪಟ್ಟಣಕ್ಕೆ ಹೋಗಬೇಕಿತ್ತು.

ಆ ಕಾಲದಲ್ಲಿ ದಾದಿ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಹೆಚ್ಚಿನ ಮನೆಗಳು ಒಪ್ಪುತ್ತಿರಲಿಲ್ಲ. ಗಾಯ, ಮಲಮೂತ್ರ, ಗಂಡಸರ ವಾರ್ಡು, ರಾತ್ರಿ ಪಾಳಿ. ಮೈಲಿಗೆ, ಮಾನ ಎಂಬ ಭಯ. ಹಾಗಾಗಿ ಕ್ರೈಸ್ತ ಮನೆಗಳ ಮಕ್ಕಳೇ ಹೆಚ್ಚಾಗಿ ಬಂದರು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ದಾದಿಯರು ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬ ದಾದಿ. ಅವರ ವಸತಿ, ಊಟ, ದುಡಿಮೆಯ ಹೊತ್ತು ಎಲ್ಲವೂ ಶೋಚನೀಯವೆಂದು ಸಮಿತಿ ಬರೆಯಿತು. 1954ರಲ್ಲಿ ಶೆಟ್ಟಿ ಸಮಿತಿ ಅದನ್ನೇ ಪರಿಶೀಲಿಸಿತು. 1987ರಲ್ಲಿ ಸರೋಜಿನಿ ವರದಪ್ಪನ್‌ರವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ಬಂತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿ ನೋಡಲು ಸಮಿತಿ ಮಾಡಿರೆಂದು ಹೇಳಿತು. ಆ ಸಮಿತಿ 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ದಾದಿಯರಿಗೆ ಸಮನಾದ ಸಂಬಳವಿರಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದಿತು. ಸಮಿತಿಗಳ ಪಟ್ಟಿ ಇಷ್ಟು ಉದ್ದವಾಗಿರುವುದೇ ಒಂದು ಕಥೆ ಹೇಳುತ್ತದೆ.

ಇವುಗಳ ನಡುವೆ ನಾವು ನೆನೆಯಬೇಕಾದ ಒಬ್ಬರಿದ್ದಾರೆ. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಂಘವನ್ನು ಸೇರಿದರು. ಕನ್ಯಾಸ್ತ್ರೀಯರು ವೈದ್ಯವೃತ್ತಿ ಮಾಡುವುದಕ್ಕೆ ಆಗ ಸಾಮಾನ್ಯ ಅನುಮತಿ ಇರಲಿಲ್ಲ; ಹೆರಿಗೆ ಮಾಡಿಸುವುದಕ್ಕಂತೂ ಇಲ್ಲವೇ ಇಲ್ಲ. ಅದು ಸಿಕ್ಕಿದ್ದು 1936ರಲ್ಲಿ. ಇವರು ಜಗದ್ಗುರುಗಳ ವಿಶೇಷ ಅನುಮತಿಯಿಂದ ಕೆಲಸ ಮಾಡಿದರು. ಲಕ್ಷಾಂತರ ರೋಗಿಗಳು ಬರುತ್ತಿದ್ದ ಕಡೆ ಒಬ್ಬ ವೈದ್ಯೆ ಎಷ್ಟು ದಿನ ಒಂಟಿಯಾಗಿ ದುಡಿಯಬಹುದು? ಅವರು ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ತಯಾರಿಸುವುದನ್ನು, ಶುಶ್ರೂಷೆಯನ್ನು, ಹೆರಿಗೆಯನ್ನು ಕಲಿಸಿ ಕೆಲಸವನ್ನು ಅವರ ಕೈಗೆ ಕೊಟ್ಟರು. ವಿಮೋಚನಾಕಾಂಡದ 18ನೇ ಅಧ್ಯಾಯ ನಿಮಗೆ ನೆನಪಿರಬಹುದು: ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಎಲ್ಲರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ, ಹೀಗಾದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ, ಹೊಣೆಯನ್ನು ಹಂಚು ಎಂದು ಬುದ್ಧಿ ಹೇಳುತ್ತಾನೆ. ಮೇರಿ ಗ್ಲೌರಿ ಮಾಡಿದ್ದು ಅದನ್ನೇ. 1943ರಲ್ಲಿ ಕೆಲವು ಭಗಿನಿಯರನ್ನು ಗುಂಟೂರಿನಲ್ಲಿ ಕೂಡಿಸಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟಕ್ಕೆ ನಾಂದಿ ಹಾಡಿದರು. 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಕರೆಯಿತು.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ವ್ರತಧಾರಿ ಭಗಿನಿಯರೇ ದಾದಿಯರಾಗಿದ್ದ ಕಾಲದಲ್ಲಿ ಬಿಟ್ಟು ಹೋಗುವ ಪ್ರಶ್ನೆ ಅಷ್ಟಾಗಿ ಬರಲಿಲ್ಲ. ಊಟ, ಬಟ್ಟೆ, ವೃದ್ಧಾಪ್ಯ ಎಲ್ಲವನ್ನೂ ಸಂಘ ನೋಡಿಕೊಳ್ಳುತ್ತಿತ್ತು. ಮುಂದೆ ಆಸ್ಪತ್ರೆಗಳು ಬೆಳೆದವು, ಕರೆಗಳು ಕಡಿಮೆಯಾದವು, ವಾರ್ಡುಗಳಿಗೆ ಗೃಹಸ್ಥ ದಾದಿಯರು ಬಂದರು. ಅವರಿಗೆ ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸು ಕಟ್ಟಬೇಕು, ತವರಿಗೆ ಹಣ ಕಳಿಸಬೇಕು. ಆದರೆ ಮಠದೊಳಗೆ ಸಲ್ಲುತ್ತಿದ್ದ ವಿಧೇಯತೆಯ ಭಾಷೆಯನ್ನೇ ಕೆಲವು ಕಡೆ ಅವರ ಮೇಲೂ ಹೇರಲಾಯಿತು. "ಇದು ಸೇವೆ, ಲೆಕ್ಕ ಕೇಳಬಾರದು" ಎಂಬ ಮಾತು ವ್ರತ ತೆಗೆದುಕೊಂಡವರ ಬಾಯಲ್ಲಿ ಸುಂದರ. ಸಂಬಳ ಕೊಡುವವರ ಬಾಯಲ್ಲಿ ಅಲ್ಲ. ನಮ್ಮ ಭಾಷೆಯಲ್ಲಿ ಕನ್ಯಾಸ್ತ್ರೀಯನ್ನೂ 'ಸಿಸ್ಟರ್' ಎನ್ನುತ್ತೇವೆ, ನರ್ಸನ್ನೂ 'ಸಿಸ್ಟರ್' ಎನ್ನುತ್ತೇವೆ. ಗೊಂದಲ ಅಲ್ಲಿಂದಲೇ ಶುರುವಾಯಿತೋ ಏನೋ! 1891ರಲ್ಲಿ 13ನೇ ಲಿಯೋರವರು ಕಾರ್ಮಿಕರ ಕುರಿತು ಬರೆದ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿ ಎಂಬುದು ದಾನವಲ್ಲ, ಹಕ್ಕು ಎಂದು ಸಾರಿದ್ದು ಗಿರಣಿಯವರಿಗೆ ಮಾತ್ರವಲ್ಲ.

ಬಲ್ಲವರು ಕಂಡುಕೊಂಡದ್ದು

ಸುಮಾರು 1960ರಲ್ಲಿ ಇಂಗ್ಲೆಂಡಿನ ಇಸಾಬೆಲ್ ಮೆಂಜಿಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯನ್ನು ಅಧ್ಯಯನ ಮಾಡಿದರು. ಆ ದೇಶದಲ್ಲಿ ತರಬೇತಿಗೆ ಸೇರಿದ ದಾದಿಯರಲ್ಲಿ ಸುಮಾರು ಮೂರನೇ ಒಂದು ಪಾಲು ನಡುವೆಯೇ ಬಿಡುತ್ತಿದ್ದರು. ಕೆಲಸ ಕಷ್ಟವೆಂದು ಸೋಮಾರಿಗಳು ಬಿಡುತ್ತಾರೆ ಎಂಬುದು ಎಲ್ಲರ ಎಣಿಕೆ. ಮೆಂಜಿಸ್ ಕಂಡದ್ದು ಬೇರೆ. ಸಾವು ನೋವಿನ ನಡುವಿನ ಆತಂಕವನ್ನು ತಡೆದುಕೊಳ್ಳಲೆಂದು ಆಸ್ಪತ್ರೆ ಒಂದು ವ್ಯವಸ್ಥೆ ಮಾಡಿಕೊಂಡಿತ್ತು: ಒಬ್ಬ ರೋಗಿಯನ್ನು ಒಬ್ಬ ದಾದಿ ಪೂರ್ತಿಯಾಗಿ ನೋಡಿಕೊಳ್ಳುವ ಹಾಗಿಲ್ಲ, ಒಬ್ಬಳು ಎಲ್ಲರ ಜ್ವರ ನೋಡಬೇಕು, ಇನ್ನೊಬ್ಬಳು ಎಲ್ಲರ ಹಾಸಿಗೆ ಹಾಸಬೇಕು. ರೋಗಿಗೆ ಹೆಸರಿಲ್ಲ, ಮಂಚದ ಸಂಖ್ಯೆ ಅಥವಾ ಕಾಯಿಲೆಯ ಹೆಸರು. ಚಿಕ್ಕ ತೀರ್ಮಾನಕ್ಕೂ ಮೇಲಿನವರನ್ನು ಕೇಳಬೇಕು. ಇದರಿಂದ ಆತಂಕ ಕಡಿಮೆಯಾಗಲಿಲ್ಲ, ಸೇವೆಯ ಸಂತೋಷ ಮಾತ್ರ ಹೋಯಿತು. ನಡುವೆ ಬಿಟ್ಟು ಹೋದವರಲ್ಲಿ ಚೆನ್ನಾಗಿ ದಾದಿಯರಾಗಬಲ್ಲ, ಸೂಕ್ಷ್ಮ ಮನಸ್ಸಿನ ಹುಡುಗಿಯರೇ ಗಣನೀಯವಾಗಿದ್ದರು ಎಂದು ಅವರು ಗುರುತಿಸಿದರು. ಬಳಿಚಕ್ರದ ಆ ಅಂಗಳದ ನೆನಪಾಗುತ್ತದೆ.

ಅಮೆರಿಕದಲ್ಲಿ 1980ರ ಆಚೀಚೆ ದಾದಿಯರ ಅಭಾವ ತೀವ್ರವಾಗಿತ್ತು. ಆದರೂ ಕೆಲವು ಆಸ್ಪತ್ರೆಗಳನ್ನು ಬಿಟ್ಟು ದಾದಿಯರು ಕದಲುತ್ತಿರಲಿಲ್ಲ. ಯಾಕಿರಬಹುದೆಂದು ಅಲ್ಲಿನ ನರ್ಸಿಂಗ್ ಅಕಾಡೆಮಿ ಅಂಥ 41 ಆಸ್ಪತ್ರೆಗಳನ್ನು ಪರೀಕ್ಷಿಸಿ 1983ರಲ್ಲಿ ವರದಿ ಕೊಟ್ಟಿತು. ಅಯಸ್ಕಾಂತದ ಹಾಗೆ ಸೆಳೆಯುವುದರಿಂದ ಅವಕ್ಕೆ 'ಮ್ಯಾಗ್ನೆಟ್' ಆಸ್ಪತ್ರೆಗಳೆಂದು ಹೆಸರು ಬಂತು. ಅಲ್ಲಿ ಕಂಡದ್ದು ಇಷ್ಟು: ಮೇಟ್ರನ್ ಕೋಣೆಯಲ್ಲಿ ಕೂತವಳಲ್ಲ, ವಾರ್ಡಿನಲ್ಲಿ ಕಣ್ಣಿಗೆ ಬೀಳುವವಳು, ದಾದಿಯ ಮಾತನ್ನು ಕೇಳುವವಳು, ಆಡಳಿತ ಮಂಡಳಿಯ ಮುಂದೆ ದಾದಿಯರ ಪರವಾಗಿ ಮಾತನಾಡುವವಳು, ಡ್ಯೂಟಿ ಪಟ್ಟಿಯನ್ನು ದಾದಿಯರೊಂದಿಗೆ ಕೂತು ಹಾಕುವವಳು. ಇದರಲ್ಲಿ ದುಬಾರಿ ಯಂತ್ರ ಯಾವುದೂ ಇಲ್ಲ.

ಆದರೆ ಮೇಟ್ರನ್ ಒಳ್ಳೆಯವಳಾದರೆ ಎಲ್ಲವೂ ಸರಿಹೋಗುತ್ತದೆಂದು ಹೇಳಿದರೆ ಅದು ಇನ್ನೊಂದು ಅನ್ಯಾಯ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಬಸವಳಿದು ಹೋಗುವ ಸಂಭವ ಶೇ. 23, ಕೆಲಸದಲ್ಲಿ ಅತೃಪ್ತಿಯ ಸಂಭವ ಶೇ. 15 ಏರುತ್ತದೆಂದು ಕಂಡುಬಂತು. ಶಸ್ತ್ರಚಿಕಿತ್ಸೆಯಾದ ರೋಗಿ ತಿಂಗಳೊಳಗೆ ಸಾಯುವ ಸಂಭವವೂ ಶೇ. 7 ಏರುತ್ತದೆ. ನಲವತ್ತು ರೋಗಿಗಳಿಗೆ ಇಬ್ಬರನ್ನು ನಿಲ್ಲಿಸಿ, ಅವರ ಮೇಲೆ ನಗುಮುಖದ ಮೇಟ್ರನ್‌ಳನ್ನು ಕೂರಿಸಿದರೆ ಆ ನಗು ಎಷ್ಟು ದಿನ ಉಳಿದೀತು? ಸಂಖ್ಯೆ, ಸಂಬಳ, ಇವೂ ಮೇಲಿನವರ ತೀರ್ಮಾನಗಳೇ. ಅವು ಕೂಡ ನಾಯಕತ್ವವೇ.

ಇದೇ ಕಾಲಕ್ಕೆ ನಾಯಕತ್ವದ ಬಗ್ಗೆ ಬರೆದವರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಒಬ್ಬರು. ದೂರವಾಣಿ ಕಂಪನಿಯೊಂದರಲ್ಲಿ ಬಹುಕಾಲ ದುಡಿದವರು. 1970ರಲ್ಲಿ 'ಸೇವಕ ನಾಯಕ' ಎಂಬ ವಿಚಾರವನ್ನು ಮಂಡಿಸಿದರು: ಕೈಕೆಳಗಿನವರು ಬೆಳೆಯುತ್ತಿದ್ದಾರೆಯೇ ಎಂಬುದರಿಂದ ನಾಯಕನನ್ನು ಅಳೆಯಬೇಕು ಎಂದು. ಮ್ಯಾನೇಜ್‌ಮೆಂಟ್ ಕಾಲೇಜುಗಳು ಇದನ್ನು ಹೊಸ ಸಂಗತಿಯೆಂದು ಕಲಿಸುತ್ತವೆ. ನಾವು ಪ್ರತಿ ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ನೋಡುತ್ತೇವೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಾಧಿಪತಿ ಭಯ ಹುಟ್ಟಿಸುವುದಕ್ಕಿಂತ ಪ್ರೀತಿ ಗಳಿಸಲು ಶ್ರಮಿಸಬೇಕೆಂದು ನಿಯಮಾವಳಿಯಲ್ಲೇ ಬರೆದಿಟ್ಟರು. ಗೊತ್ತಿಲ್ಲದ್ದೇನಲ್ಲ ನಮಗೆ.

ಮತ್ತೆ ಬಳಿಚಕ್ರದ ಕಡೆ

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸರ್ಕಾರಿ ಲೆಕ್ಕದಲ್ಲಿ ಬಯಲು ಸೀಮೆಯ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ದೂರದ ಜಿಲ್ಲೆಗಳಿಂದ ನೇಮಕವಾಗಿ ಬಂದವರು ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಹಿಡಿದು ಓಡಾಡುವುದು ಇಲ್ಲಿಯ ಹಳೆಯ ಕಥೆ. ಅವರನ್ನು ಬೈದು ಪ್ರಯೋಜನವಿಲ್ಲ. ಇಲ್ಲಿಯ ಬಿಸಿಲು, ಬಸ್ಸು, ಮಕ್ಕಳ ಶಾಲೆ ಎಲ್ಲವನ್ನೂ ಅವರು ಲೆಕ್ಕ ಹಾಕುತ್ತಾರೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನ ಪಾಲು ಸ್ಥಳೀಯರಿಗೆ ಮೀಸಲಾಗಿದೆ. ನಮ್ಮ ಹುಡುಗಿಯರು ತಮ್ಮ ಜಿಲ್ಲೆಯಲ್ಲೇ, ತಮ್ಮ ಭಾಷೆ ಆಡುವವರ ನಡುವೆ ಕೆಲಸ ಮಾಡುವ ದಾರಿ ಇದರಿಂದ ಸ್ವಲ್ಪ ಅಗಲವಾಯಿತು.

ಆದರೂ ಊರಿನ ಹುಡುಗಿಯೆಂಬ ಒಂದೇ ಕಾರಣಕ್ಕೆ ಆಕೆ ಉಳಿಯುವುದಿಲ್ಲ. ಉಪಕೇಂದ್ರದ ನರ್ಸಮ್ಮ ಒಬ್ಬಳೇ ಇರುತ್ತಾಳೆ. ಮಗುವಿನ ಚುಚ್ಚುಮದ್ದು, ಬಸುರಿಯ ತಪಾಸಣೆ, ಮನೆಮನೆ ಸರ್ವೆ, ಮೇಲಿಂದ ಬರುವ ಹತ್ತು ತರಹದ ರಿಜಿಸ್ಟರುಗಳು. ತಿಂಗಳ ಮೀಟಿಂಗಿನಲ್ಲಿ ಆಕೆಯನ್ನು ಕೇಳುವುದು ಅಂಕಿ ಎಷ್ಟಾಯಿತೆಂದು. ಹಳ್ಳದಾಚೆಯ ತಾಂಡಾಕ್ಕೆ ಮಳೆಗಾಲದಲ್ಲಿ ಹೇಗೆ ಹೋದೆ ಎಂದು ಕೇಳುವ ಒಬ್ಬ ವೈದ್ಯಾಧಿಕಾರಿ ಇದ್ದರೆ ಆಕೆಯ ಮುಖ ಬೇರೆಯೇ ಆಗುತ್ತದೆ. ಅಂಥವರೊಬ್ಬರ ಕೈಕೆಳಗೆ ಹನ್ನೆರಡು ವರ್ಷ ಒಂದೇ ಕಡೆ ಇದ್ದ ನರ್ಸಮ್ಮನೊಬ್ಬರನ್ನು ನಾನು ಬಲ್ಲೆ. ಸಾಹೇಬರು ಬೈಯುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, "ಬೈತಿದ್ರಿ, ಬಾಗಿಲ ಹಾಕ್ಕೊಂಡು ಬೈತಿದ್ರು. ಹೊರಗ ಬಂದು ಚಾ ತರಸ್ತಿದ್ರು" ಎಂದರು.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ಎಷ್ಟೋ ಮನೆಗಳ ಸಾಲ ತೀರಿದ್ದು, ತಮ್ಮಂದಿರ ಓದು ನಡೆದದ್ದು ನರ್ಸ್ ಮಗಳ ಸಂಬಳದಿಂದ. ಹಬ್ಬಕ್ಕೆ ರಜೆ ಸಿಗದೆ ಫೋನಿನಲ್ಲೇ ಅಳುವ ಮಕ್ಕಳು ನಮ್ಮವರೇ. ಅವರ ಮೇಲೆ ಅಧಿಕಾರ ನಡೆಸುವವರಲ್ಲಿ ನಮ್ಮ ಗುರುಗಳೂ ಭಗಿನಿಯರೂ ಇದ್ದಾರೆ. ನಾನೂ ಒಂದು ಕಾಲಕ್ಕೆ ಒಂದು ಸಣ್ಣ ಸಂಸ್ಥೆಯ ಹೊಣೆ ಹೊತ್ತಿದ್ದೆ, ಎಲ್ಲರ ಮುಂದೆ ಯಾರನ್ನೂ ಗದರಿಸಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆ.

ಬೇವಿನ ಮರದ ಕೆಳಗೆ ಮಾತನಾಡಿದ ಆ ಹುಡುಗಿಯ ಸುದ್ದಿಯನ್ನು ಹೇಳದಿದ್ದರೆ ಆಕೆಯ ತಾಯಿ ನನ್ನನ್ನು ಬಿಡುವುದಿಲ್ಲ. ಎಂಟು ತಿಂಗಳು ಓಡಾಡಿ ಸರ್ಟಿಫಿಕೇಟು ಬಿಡಿಸಿಕೊಂಡರು. ಬೇರೊಂದು ಊರಿನ ದವಾಖಾನೆಗೆ ಸೇರಿದಳು. ಈಗ ಅಲ್ಲಿಯ ಒಂದು ವಾರ್ಡಿಗೆ ಇನ್‌ಚಾರ್ಜ್. ಹೋದ ಕ್ರಿಸ್ಮಸ್ಸಿಗೆ ಮನೆಗೆ ಬರಲಿಲ್ಲವೆಂದು ತಾಯಿಗೆ ಕೋಪ. "ಡ್ಯೂಟಿ ಹಾಕೋದೇ ಇಕಿ ಅಂತ್ರಿ ಫಾದರ್. ಪಟ್ಟಿ ಬರದಾಳ, 24ರ ರಾತ್ರಿಗೆ ಮೊದಲು ತಂದೇ ಹೆಸರು ಬರಕೊಂಡಾಳ. ಉಳದ ಹುಡುಗ್ಯಾರಿಗೆ ರಜಾ ಕೊಟ್ಟಾಳ. ಇದೇನ್ ಶಾಣ್ಯಾತನ ಹೇಳ್ರಿ ನೀವ" ಎಂದು ನನ್ನ ಮುಂದೆ ದೂರು ಹೇಳಿದರು.